ಐಸಿಯುನಲ್ಲಿ ದೊಡ್ಡಪ್ಪ, ಸೆಪ್ಸಿಸ್ ಅಂದಿದ್ದಾರೆ: ವಿಟಮಿನ್ ಸಿ ಡ್ರಿಪ್ ಕೇಳಬೇಕಾ?

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆ ಕಾರಿಡಾರಿನಿಂದ ಬರೆಯುತ್ತಿದ್ದೇನೆ. ತಿಳಿದವರು ದಯವಿಟ್ಟು ಉತ್ತರಿಸಿ.

ದೊಡ್ಡಪ್ಪನಿಗೆ 68 ವರ್ಷ. ಶುಗರ್ ಇದೆ. ಹಾರ್ಟಿನ ತೊಂದರೆಗೆ ವರ್ಷಗಳಿಂದ ಲ್ಯಾಸಿಕ್ಸ್ (ಮೂತ್ರ ಹೆಚ್ಚು ಹೋಗುವಂತೆ ಮಾಡುವ) ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಉರಿಮೂತ್ರ ಅಂತ ಶುರುವಾಗಿದ್ದು, ಚಳಿಜ್ವರ ಬಂತು, ಮಾತು ತೊದಲಿತು, ಬಿಪಿ ಬಿದ್ದುಹೋಯಿತು. ಈಗ ಐಸಿಯುನಲ್ಲಿದ್ದಾರೆ. ಸೋಂಕು ರಕ್ತಕ್ಕೆ ಹೋಗಿದೆ, ಸೆಪ್ಸಿಸ್ ಎಂದಿದ್ದಾರೆ. ಆಂಟಿಬಯಾಟಿಕ್ ಹಾಕಿದ್ದಾರೆ, ಬಿಪಿ ಏರಿಸುವ ಔಷಧಿ ಪಂಪಿನಲ್ಲಿ ಹೋಗುತ್ತಿದೆ. ಲ್ಯಾಕ್ಟೇಟ್ (ಜೀವಕೋಶಗಳಿಗೆ ಸರಿಯಾಗಿ ಶಕ್ತಿ ಸಿಗದಾಗ ರಕ್ತದಲ್ಲಿ ಏರುವ ವಸ್ತು) ಇನ್ನೂ ಇಳಿದಿಲ್ಲವಂತೆ.

ಅಮೆರಿಕದಲ್ಲಿರುವ ಅಣ್ಣ ಫೋನ್ ಮಾಡಿ, ಸೆಪ್ಸಿಸ್‌ಗೆ ವಿಟಮಿನ್ ಸಿ ಜಾಸ್ತಿ ಡೋಸಿನಲ್ಲಿ ಕೊಟ್ಟರೆ ಜೀವ ಉಳಿಯುತ್ತದೆ, ಕೇಳು ಅಂತ ಒಂದೇ ಸಮನೆ ಹೇಳುತ್ತಿದ್ದಾನೆ. ಇಲ್ಲಿನ ಡಾಕ್ಟರ್ ಬೇಡ ಎಂದರು. ರಿಪೋರ್ಟಿನಲ್ಲಿ ವಿಟಮಿನ್ ಡಿ 9 ಇದೆ. ಅದಕ್ಕೂ ಏನೂ ಕೊಟ್ಟಿಲ್ಲ. ಕೊರತೆ ಕಣ್ಣಿಗೆ ಕಾಣುತ್ತಿರುವಾಗ ಸುಮ್ನೆ ಇರುವುದು ಸರಿಯಾ?

ರಾತ್ರಿಪಾಳಿ_ವೈದ್ಯ

ನಾನು ಐಸಿಯುನಲ್ಲಿ ಕೆಲಸ ಮಾಡುವ ವೈದ್ಯ. ನಿಮ್ಮ ದೊಡ್ಡಪ್ಪನವರನ್ನು ನೋಡಿಲ್ಲ, ಹಾಗಾಗಿ ಅವರಿಗೆ ಇಂಥದ್ದೇ ಕೊಡಿ ಎಂದು ಹೇಳುವುದಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕು.

ಮೊದಲು ನಿಮ್ಮ ಅಣ್ಣ ಹೇಳಿದ್ದರಲ್ಲಿ ನಿಜ ಏನಿದೆ ಅಂತ ನೋಡೋಣ. ಸೆಪ್ಸಿಸ್ ಆದವರ ರಕ್ತದಲ್ಲಿ ವಿಟಮಿನ್ ಸಿ ಕಮ್ಮಿ ಇರುತ್ತದೆ, ಅದು ಖಂಡಿತ ಹೌದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2017ರಲ್ಲಿ ಐಸಿಯು ರೋಗಿಗಳ ರಕ್ತ ಪರೀಕ್ಷಿಸಿದರು. ನಿಯಮದ ಪ್ರಕಾರವೇ ಆಹಾರ, ವಿಟಮಿನ್ ಹೋಗುತ್ತಿದ್ದರೂ ಹತ್ತರಲ್ಲಿ ಸುಮಾರು ಏಳು ಜನರಿಗೆ ಸಿ ಕಮ್ಮಿ ಇತ್ತು. ಸೆಪ್ಟಿಕ್ ಶಾಕ್ ಆದವರಲ್ಲಿ, ಅಂದರೆ ಸೆಪ್ಸಿಸ್‌ನಿಂದ ಬಿಪಿ ಬಿದ್ದುಹೋದವರಲ್ಲಿ, ಇನ್ನೂ ಕೆಳಗಿತ್ತು. ಕೆಲವರಲ್ಲಿ ಸಿ ಕೊರತೆಯಿಂದಲೇ ಬರುವ ಸ್ಕರ್ವಿ ರೋಗದಲ್ಲಿ ಕಾಣುವಷ್ಟು ಕಮ್ಮಿ. ಕಾರಣವೂ ಅರ್ಥವಾಗುವಂಥದ್ದೇ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಸಿ ಅನ್ನು ಎಳೆದುಕೊಳ್ಳುತ್ತವೆ. ಬಿಪಿ ಹಿಡಿದಿಡುವ ನಾರ್‌ಅಡ್ರಿನಲಿನ್ ಅನ್ನು ದೇಹ ತಾನೇ ತಯಾರಿಸುವುದಕ್ಕೂ ಸಿ ಬೇಕು. ಮನುಷ್ಯನ ದೇಹ ಅದನ್ನು ಸ್ವಂತವಾಗಿ ಮಾಡಿಕೊಳ್ಳುವುದಿಲ್ಲ.

ಇಷ್ಟೆಲ್ಲಾ ನೋಡಿದಾಗ ತುಂಬಿಸಿಬಿಟ್ಟರೆ ಆಯಿತಲ್ಲ ಅನ್ನಿಸುತ್ತದೆ. ವೈದ್ಯರಿಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಸಾವಿರಾರು ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಫಲಿತಾಂಶ ಆಸೆಪಟ್ಟ ಹಾಗೆ ಬರಲಿಲ್ಲ.

ಇನ್ನು ವಿಟಮಿನ್ ಡಿ. ಅಮೆರಿಕದ ವಯೋಲೆಟ್ ಎಂಬ ಅಧ್ಯಯನದಲ್ಲಿ ಡಿ ಕೊರತೆ ಇದ್ದ ಸಾವಿರಕ್ಕೂ ಹೆಚ್ಚು ಗಂಭೀರ ರೋಗಿಗಳಿದ್ದರು. ಅರ್ಧ ಜನರಿಗೆ ಒಂದೇ ಸಲಕ್ಕೆ 5,40,000 ಯೂನಿಟ್ ಕೊಟ್ಟರು. 90 ದಿನದೊಳಗೆ ತೀರಿಕೊಂಡವರು ಡಿ ಪಡೆದವರಲ್ಲಿ 23.5%, ಪಡೆಯದವರಲ್ಲಿ 20.6%. ಲಾಭ ಕಾಣಲಿಲ್ಲ. 2019ರಲ್ಲಿ ಪ್ರಕಟವಾಯಿತು. ಹಾಗಾಗಿ 9 ನೋಡಿ ಗಾಬರಿಯಾಗಬೇಡಿ. ವಾರ್ಡಿಗೆ ಬಂದ ಮೇಲೆ ನಿಧಾನವಾಗಿ ಸರಿಪಡಿಸಬಹುದು.

ಈಗ ನನ್ನದೊಂದು ಪ್ರಶ್ನೆ. ಕಾಯಿಲೆ ಬೀಳುವ ಮೊದಲು ದೊಡ್ಡಪ್ಪ ಏನು ಊಟ ಮಾಡುತ್ತಿದ್ದರು? ಕುಡಿಯುವ ಅಭ್ಯಾಸ ಇತ್ತಾ?

ಕಬಿನಿ_ಹಿನ್ನೀರು

ಡಾಕ್ಟ್ರೇ, ಕ್ಷಮಿಸಿ, ಒಪ್ಪಲಾರೆ. 2017ರಲ್ಲಿ ಅಮೆರಿಕದ ನಾರ್‌ಫೋಕ್‌ನಲ್ಲಿ ಡಾ. ಪಾಲ್ ಮ್ಯಾರಿಕ್ ಅವರು ವಿಟಮಿನ್ ಸಿ, ಥಯಾಮಿನ್ (ವಿಟಮಿನ್ ಬಿ1), ಹೈಡ್ರೋಕಾರ್ಟಿಸೋನ್ (ಒಂದು ಸ್ಟೀರಾಯ್ಡ್) ಮೂರನ್ನೂ ಸೇರಿಸಿ ಕೊಟ್ಟರು. ಸಾವು 40.4% ಇದ್ದದ್ದು 8.5%ಕ್ಕೆ ಇಳಿಯಿತು. ಸಿಟ್ರಿಸ್ ಎಂಬ ಅಧ್ಯಯನದಲ್ಲೂ ಸಿ ಪಡೆದವರಲ್ಲಿ 29.8%, ಪಡೆಯದವರಲ್ಲಿ 46.3% ಸಾವು. ಇದು ಅಗ್ಗದ ಔಷಧಿ, ಯಾವ ಕಂಪನಿಗೂ ಲಾಭವಿಲ್ಲ. ಅದಕ್ಕೇ ಯಾರೂ ಮುಂದೆ ತರುವುದಿಲ್ಲ. ನೀರಿನಲ್ಲಿ ಕರಗುವ ವಿಟಮಿನ್, ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಕೊಟ್ಟರೆ ಕಳೆದುಕೊಳ್ಳುವುದೇನು?

ರಾತ್ರಿಪಾಳಿ_ವೈದ್ಯ

@ಕಬಿನಿ_ಹಿನ್ನೀರು ನೀವು ಓದಿಕೊಂಡು ಕೇಳಿದ್ದೀರಿ. ನಾನೂ ಪೂರ್ತಿಯಾಗಿ ಉತ್ತರಿಸುತ್ತೇನೆ.

ಮ್ಯಾರಿಕ್ ಅವರ ಅಧ್ಯಯನದಲ್ಲಿ ಔಷಧಿ ಪಡೆದವರು 47 ಜನ. ಹೋಲಿಸಿದ್ದು ಅದೇ ಆಸ್ಪತ್ರೆಗೆ ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಬಂದಿದ್ದ 47 ಜನರ ಜೊತೆ. ಚೀಟಿ ಎತ್ತಿದ ಹಾಗೆ ಒಂದೇ ಕಾಲದಲ್ಲಿ ಎರಡು ಗುಂಪು ಮಾಡಿದ್ದಲ್ಲ. ಎರಡು ಕಾಲದ ನಡುವೆ ಬೇರೆ ಎಷ್ಟೋ ಬದಲಾಗಿರುತ್ತದೆ. ಅವರ ಕೆಲಸದಿಂದ ಒಂದು ಒಳ್ಳೆಯದಾಯಿತು: ಜಗತ್ತಿನ ತುಂಬ ಸರಿಯಾದ ಪರೀಕ್ಷೆಗಳು ಶುರುವಾದವು.

ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರೆಜಿಲ್ ಸೇರಿ ಮಾಡಿದ ವಿಟಮಿನ್ಸ್ ಎಂಬ ಹೆಸರಿನ ಪರೀಕ್ಷೆ 2020ರಲ್ಲಿ ಬಂತು. ಇನ್ನೂರಕ್ಕೂ ಹೆಚ್ಚು ರೋಗಿಗಳು. ಎರಡು ಗುಂಪಿಗೂ ಹೈಡ್ರೋಕಾರ್ಟಿಸೋನ್ ಇತ್ತು, ಒಂದು ಗುಂಪಿಗೆ ಸಿ ಮತ್ತು ಥಯಾಮಿನ್ ಸೇರಿಸಿದರು. ಜೀವಂತವಾಗಿದ್ದು ಬಿಪಿ ಔಷಧಿಯೂ ಬೇಕಿಲ್ಲದ ಸಮಯ ಎಷ್ಟು ಎಂದು ಲೆಕ್ಕ ಹಾಕಿದರು. 122.1 ಗಂಟೆ, 124.6 ಗಂಟೆ. ಅಂದರೆ ವ್ಯತ್ಯಾಸವೇ ಇಲ್ಲ.

ಸಿಟ್ರಿಸ್‌ನಲ್ಲಿ ಸಾವಿನ ಅಂಕಿ ನೀವು ಹೇಳಿದ್ದು ಸರಿ. ಆದರೆ ಅವರು ಮುಖ್ಯವಾಗಿ ಅಳೆಯಲು ಹೊರಟಿದ್ದು ಅಂಗಗಳ ಹಾನಿ ಮತ್ತು ರಕ್ತದಲ್ಲಿನ ಉರಿಯೂತದ ಗುರುತುಗಳನ್ನು. ಅವುಗಳಲ್ಲಿ ಬದಲಾವಣೆ ಬರಲಿಲ್ಲ. ಸಾವು ಎಂಬುದು ಪಕ್ಕದಲ್ಲಿ ನೋಡಿದ 46 ಅಂಶಗಳಲ್ಲಿ ಒಂದು. ಅಷ್ಟೊಂದು ಅಂಶ ನೋಡಿದಾಗ ಒಂದೆರಡರಲ್ಲಿ ಆಕಸ್ಮಿಕವಾಗಿ ವ್ಯತ್ಯಾಸ ಕಾಣಬಹುದು. ಅದು ನಿಜವಾ ಅಂತ ನೋಡುವುದಕ್ಕೆ ದೊಡ್ಡ ಪರೀಕ್ಷೆ ಬೇಕಿತ್ತು.

ಅದೇ ಲೋವಿಟ್. ಕೆನಡಾದವರು ಮುಂದೆ ನಿಂತು ಮಾಡಿದ್ದು, 2022ರ ಫಲಿತಾಂಶ. 872 ರೋಗಿಗಳು. ಕೆ.ಜಿ.ಗೆ 50 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ನಾಲ್ಕು ದಿನ. 28ನೇ ದಿನಕ್ಕೆ ತೀರಿಕೊಂಡವರು ಅಥವಾ ಅಂಗಗಳು ಇನ್ನೂ ಚೇತರಿಸಿಕೊಳ್ಳದವರು ಸಿ ಪಡೆದವರಲ್ಲಿ 44.5%, ಪಡೆಯದವರಲ್ಲಿ 38.5%. ಅಂದರೆ ಸಿ ಕೊಟ್ಟವರ ಗತಿಯೇ ಕೆಟ್ಟಿತ್ತು. ಇದನ್ನು ಓದಿದ ಮೇಲೆ "ಕೊಟ್ಟರೆ ಕಳೆದುಕೊಳ್ಳುವುದೇನು" ಎಂಬ ಮಾತು ನಿಲ್ಲುವುದಿಲ್ಲ.

ಡೋಸ್ ಎಷ್ಟು ದೊಡ್ಡದು ಅಂತಲೂ ನೋಡಿ. 60 ಕೆ.ಜಿ. ಮನುಷ್ಯನಿಗೆ ದಿನಕ್ಕೆ 12 ಗ್ರಾಂ. ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ ಸಾಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅದರ 150 ಪಟ್ಟು! ಮೂತ್ರದಲ್ಲಿ ಹೋಗುತ್ತದೆ ನಿಜ, ಆದರೆ ಹೋಗುವಾಗ ಒಂದಷ್ಟು ಆಕ್ಸಲೇಟ್ ಎಂಬ ಹರಳುಗಟ್ಟುವ ವಸ್ತುವಾಗಿ ಹೋಗುತ್ತದೆ. ಸೆಪ್ಸಿಸ್‌ನಲ್ಲಿ ಮೊದಲೇ ಕಿಡ್ನಿ ಸೋತಿರುತ್ತದೆ. ಅಲ್ಲಿ ಆ ಹರಳು ಕೂತುಕೊಳ್ಳುವ ಭಯ ಇದೆ.

ಕರಾವಳಿ_ಸಿಸ್ಟರ್

ಐಸಿಯು ನರ್ಸ್ ಆಗಿ ಒಂದು ಮಾತು ಸೇರಿಸಬೇಕು. ಇದನ್ನು ಮನೆಯವರಿಗೆ ಯಾರೂ ಹೇಳುವುದಿಲ್ಲ.

ಸಿ ಡ್ರಿಪ್ ಜಾಸ್ತಿ ಡೋಸಿನಲ್ಲಿ ಹೋಗುತ್ತಿದ್ದರೆ ಬೆರಳಿಗೆ ಚುಚ್ಚಿ ನೋಡುವ ಶುಗರ್ ಮಿಷನ್ ಸುಳ್ಳು ಹೇಳಬಹುದು. ಎಷ್ಟೋ ಮಿಷನ್‌ಗಳ ಸ್ಟ್ರಿಪ್ ವಿಟಮಿನ್ ಸಿ ಅನ್ನೇ ಗ್ಲೂಕೋಸ್ ಎಂದು ಓದಿಬಿಡುತ್ತದೆ. ಕೋವಿಡ್ ಸಮಯದಲ್ಲಿ ನಮ್ಮಲ್ಲಿ ಒಬ್ಬರಿಗೆ ಹೀಗಾಯಿತು. ಸ್ಟ್ರಿಪ್‌ನಲ್ಲಿ ಮುನ್ನೂರರ ಹತ್ತಿರ ತೋರಿಸುತ್ತಿತ್ತು. ಇನ್ಸುಲಿನ್ ಪಂಪ್ ಏರಿಸಬೇಕು ಎಂದು ಚಾರ್ಟಿನಲ್ಲಿ ಇತ್ತು. ಆದರೆ ಹಣೆ ಮುಟ್ಟಿದರೆ ತಣ್ಣಗೆ ಬೆವರು. ಅನುಮಾನ ಬಂದು ಬೂದು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಎಳೆದು ಲ್ಯಾಬಿಗೆ ಓಡಿಸಿದೆವು. ಅಲ್ಲಿ ನೂರರ ಒಳಗೆ ಬಂತು. ಸ್ಟ್ರಿಪ್ ನಂಬಿ ಇನ್ಸುಲಿನ್ ಏರಿಸಿದ್ದರೆ ಏನಾಗುತ್ತಿತ್ತು, ಯೋಚಿಸಿ. ನಿದ್ದೆ ಔಷಧಿಯಲ್ಲಿರುವ ರೋಗಿ ತಲೆ ಸುತ್ತುತ್ತಿದೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ.

ನಿಮ್ಮ ದೊಡ್ಡಪ್ಪನಿಗೆ ಶುಗರ್ ಇದೆ ಅಂದಿರಿ. ಯಾವ ಕಾರಣಕ್ಕಾದರೂ ಸಿ ಶುರು ಮಾಡಿದರೆ ಶುಗರ್ ಲ್ಯಾಬಿನಲ್ಲೇ ನೋಡುತ್ತೀರಾ ಎಂದು ಕೇಳಿ.

ಹೇಮಾವತಿ_ತೀರ

@ರಾತ್ರಿಪಾಳಿ_ವೈದ್ಯ ಸರ್, ತುಂಬಾ ಧನ್ಯವಾದ. ಅಣ್ಣನಿಗೆ ಇದನ್ನೇ ಕಳಿಸಿದೆ. ಕುಡಿಯುವ ಅಭ್ಯಾಸ ಇಲ್ಲ. ಊಟದ ವಿಷಯ ಹೇಳಬೇಕೆಂದರೆ, ದೊಡ್ಡಮ್ಮ ಹೋದ ಮೇಲೆ ಅವರು ಒಬ್ಬರೇ ಇದ್ದಾರೆ. ಬಾಯಿ ಹುಣ್ಣು ಅಂತ ಕೆಲವು ವಾರಗಳಿಂದ ಬರೀ ಗಂಜಿ, ಮಜ್ಜಿಗೆ. ಬಿಳಿ ಅಕ್ಕಿ ಗಂಜಿ. ಮುದ್ದೆ, ಕಾಳು, ಸೊಪ್ಪು ಏನೂ ಮುಟ್ಟುತ್ತಿರಲಿಲ್ಲ. ಪಂಚೆ ಸಡಿಲವಾಗಿದ್ದು ನಾವು ಹೋದಾಗಲೇ ಗೊತ್ತಾಗಿದ್ದು. ಇದನ್ನು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಿಲ್ಲ.

ರಾತ್ರಿಪಾಳಿ_ವೈದ್ಯ

ಇದನ್ನು ಈಗಲೇ ಹೋಗಿ ಡ್ಯೂಟಿ ಡಾಕ್ಟರಿಗೆ ಹೇಳಿ. ಇದನ್ನು ಓದಿ ಮುಗಿಸುವವರೆಗೂ ಕಾಯಬೇಡಿ. ಮೂರೇ ವಿಷಯ: ವಾರಗಟ್ಟಲೆ ಬಿಳಿ ಅಕ್ಕಿ ಗಂಜಿ, ತೂಕ ಇಳಿದಿದೆ, ವರ್ಷಗಳಿಂದ ಲ್ಯಾಸಿಕ್ಸ್. ಆಮೇಲೆ "ಥಯಾಮಿನ್ ಹೋಗುತ್ತಿದೆಯಾ?" ಎಂದು ಕೇಳಿ.

ಯಾಕೆ ಇಷ್ಟು ಅವಸರ ಅಂತ ಉಳಿದವರಿಗೆ ಹೇಳುತ್ತೇನೆ. ಥಯಾಮಿನ್ ಎಂದರೆ ವಿಟಮಿನ್ ಬಿ1. ದೇಹದಲ್ಲಿ ಇದರ ಉಳಿತಾಯ ಬಹಳ ಕಮ್ಮಿ, ಒಟ್ಟು 30 ಮಿಲಿಗ್ರಾಂ ಆಸುಪಾಸು. ಊಟದಲ್ಲಿ ಬರದಿದ್ದರೆ ಎರಡು ಮೂರು ವಾರದಲ್ಲಿ ಖಾಲಿ. ಲ್ಯಾಸಿಕ್ಸ್ ಅದನ್ನು ಮೂತ್ರದಲ್ಲಿ ಇನ್ನಷ್ಟು ಹೊರಗೆ ಹಾಕುತ್ತದೆ. ಜ್ವರ, ಸೋಂಕು ಬಂದರೆ ಖರ್ಚು ಹೆಚ್ಚುತ್ತದೆ.

ನಾವು ತಿಂದ ಪಿಷ್ಟ ಗ್ಲೂಕೋಸ್ ಆಗಿ, ಗ್ಲೂಕೋಸ್ ಪೈರುವೇಟ್ ಆಗಿ, ಅದು ಜೀವಕೋಶದ ಒಳಮನೆಗೆ ಹೋಗಿ ಶಕ್ತಿಯಾಗಬೇಕು. ಆ ಬಾಗಿಲು ತೆರೆಯುವ ಕೀಲಿ ಥಯಾಮಿನ್. ಅದಿಲ್ಲದಿದ್ದರೆ ಪೈರುವೇಟ್ ಹೊರಗೇ ಉಳಿದು ಲ್ಯಾಕ್ಟೇಟ್ ಆಗುತ್ತದೆ. ರಕ್ತ ಹುಳಿಯಾಗುತ್ತದೆ, ಹೃದಯ ಸೋಲುತ್ತದೆ, ಬಿಪಿ ಬೀಳುತ್ತದೆ. ಇದೇ ಬೆರಿಬೆರಿ. ಈಗ ಸೆಪ್ಸಿಸ್ ಲಕ್ಷಣ ನೆನಪು ಮಾಡಿಕೊಳ್ಳಿ: ಲ್ಯಾಕ್ಟೇಟ್ ಜಾಸ್ತಿ, ಬಿಪಿ ಕಮ್ಮಿ. ಎರಡೂ ಒಂದೇ ಥರ ಕಾಣುತ್ತವೆ. ಒಬ್ಬರಲ್ಲೇ ಎರಡೂ ಇರಬಹುದು. ಸೆಪ್ಸಿಸ್ ಎಂದು ಹೆಸರಿಟ್ಟ ಮೇಲೆ ಎರಡನೆಯದನ್ನು ಹುಡುಕುವವರು ಕಮ್ಮಿ.

ಅಮೆರಿಕದಲ್ಲಿ 1997ರಲ್ಲಿ ಡ್ರಿಪ್‌ಗೆ ಸೇರಿಸುವ ಮಲ್ಟಿವಿಟಮಿನ್ ಕೊರತೆ ಬಿತ್ತು. ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಪಡೆಯುತ್ತಿದ್ದವರಿಗೆ ವಿಟಮಿನ್ ಇಲ್ಲದ ಆಹಾರ ಹೋಯಿತು. ಕೆಲವರಿಗೆ ಲ್ಯಾಕ್ಟೇಟ್ ವಿಪರೀತ ಏರಿತು. ಥಯಾಮಿನ್ ಕೊಟ್ಟ ಮೇಲೆ ಇಳಿಯಿತು.

ಇನ್ನೂ ಒಂದು ಅಪಾಯ ಇದೆ. ಥಯಾಮಿನ್ ಇಲ್ಲದ ದೇಹಕ್ಕೆ ಒಮ್ಮೆಲೇ ಗ್ಲೂಕೋಸ್ ಬಾಟಲಿ ಹಾಕಿದರೆ ಇದ್ದಬದ್ದದ್ದೂ ಖರ್ಚಾಗಿ ಮೆದುಳಿಗೆ ಪೆಟ್ಟಾಗಬಹುದು.

ಆರೈಕೆ_ಅಡುಗೆ

ಆಸ್ಪತ್ರೆ ಡಯಟೀಷಿಯನ್ ಕಡೆಯಿಂದ. ಅಕ್ಕ, ಇನ್ನೊಂದನ್ನೂ ಕೇಳಿ: ಮೂಗಿನ ಟ್ಯೂಬಿನಲ್ಲಿ ಫೀಡ್ ಎಷ್ಟರಿಂದ ಶುರು ಮಾಡಿದ್ದಾರೆ? ಬಹಳ ದಿನ ಸರಿಯಾಗಿ ತಿನ್ನದವರಿಗೆ ಮೊದಲ ದಿನವೇ ಹೊಟ್ಟೆ ತುಂಬ ಕೊಟ್ಟರೆ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಷಿಯಂ ಧಡಕ್ಕನೆ ಇಳಿಯುತ್ತವೆ. ಉಸಿರಾಟದ ಸ್ನಾಯುಗಳೂ ಸೋಲಬಹುದು. ಅದಕ್ಕೇ ಥಯಾಮಿನ್ ಕೊಟ್ಟು, ಸ್ವಲ್ಪದರಿಂದ ಶುರು ಮಾಡಿ, ದಿನಾ ರಕ್ತ ನೋಡಿ ಏರಿಸುತ್ತೇವೆ.

ಮನೆಯವರಿಗೆ ಇದು ಹೊಟ್ಟೆ ಉರಿಯುವ ವಿಷಯ ಅಂತ ಗೊತ್ತು. "ಇಷ್ಟೇನಾ ಕೊಡೋದು, ನಮ್ಮ ಕಾಸು ತಗೊಂಡು ಉಪವಾಸ ಕೆಡವುತ್ತೀರಾ" ಎಂದು ಎಷ್ಟೋ ಜನ ಅಳುತ್ತಾರೆ. ಅದು ಉಪವಾಸ ಅಲ್ಲ, ಬೇಕೆಂದೇ ನಿಧಾನ ಮಾಡುವುದು.

ಬಿಳಿ ಅಕ್ಕಿ ಗಂಜಿ ಬಗ್ಗೆ: ಅಕ್ಕಿ ಪಾಲಿಶ್ ಮಾಡಿದಾಗ ಬಿ1 ತೌಡಿನ ಜೊತೆ ಹೋಗುತ್ತದೆ. ಉಳಿದದ್ದರಲ್ಲೂ ಒಂದಷ್ಟು ನಾಲ್ಕೈದು ಸಲ ತೊಳೆದ ನೀರಲ್ಲಿ ಹೋಗುತ್ತದೆ, ಬಸಿದು ಚೆಲ್ಲಿದ ತಿಳಿಯಲ್ಲೂ ಹೋಗುತ್ತದೆ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಭತ್ತವನ್ನೇ ಬೇಯಿಸುವುದರಿಂದ ಬಿ1 ಕಾಳಿನ ಒಳಕ್ಕೆ ಇಳಿದು ಬಹುಪಾಲು ಉಳಿಯುತ್ತದೆ.

ಕಬಿನಿ_ಹಿನ್ನೀರು

@ರಾತ್ರಿಪಾಳಿ_ವೈದ್ಯ ಲೋವಿಟ್ ಬಗ್ಗೆ ಓದಿದೆ. ಸಿ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಥಯಾಮಿನ್‌ಗೂ ಅದೇ ಅಳತೆಗೋಲು ಬೇಕಲ್ವಾ? ಅದನ್ನೂ ಸರಿಯಾಗಿ ಪರೀಕ್ಷಿಸಿದ್ದಾರಾ?

ರಾತ್ರಿಪಾಳಿ_ವೈದ್ಯ

ಬೇಕೇ ಬೇಕು. ಒಳ್ಳೆಯ ಪ್ರಶ್ನೆ. 2016ರಲ್ಲಿ ಅಮೆರಿಕದ ಡಾ. ಮೈಕೆಲ್ ಡೊನಿನೊ ತಂಡ ಲ್ಯಾಕ್ಟೇಟ್ ಏರಿದ್ದ ಸೆಪ್ಟಿಕ್ ಶಾಕ್ ರೋಗಿಗಳಿಗೆ ದಿನಕ್ಕೆ ಎರಡು ಸಲ 200 ಮಿಲಿಗ್ರಾಂ ಕೊಟ್ಟು ನೋಡಿತು. 88 ಜನ. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಪ್ರಯೋಜನ ಕಾಣಲಿಲ್ಲ. ಆದರೆ ಸುಮಾರು ಮೂರನೇ ಒಂದು ಭಾಗದವರಿಗೆ ಮೊದಲೇ ಥಯಾಮಿನ್ ಕೊರತೆ ಇತ್ತು. ಅವರಲ್ಲಿ 24 ಗಂಟೆಗೆ ಲ್ಯಾಕ್ಟೇಟ್ ಹೆಚ್ಚು ಇಳಿದಿತ್ತು. ಸಣ್ಣ ಗುಂಪು, ಹಾಗಾಗಿ ಇದನ್ನು ಕೊನೆಯ ಮಾತು ಎನ್ನಲಾಗದು.

ನನ್ನ ಅಭಿಪ್ರಾಯ ಹೀಗಿದೆ. ಥಯಾಮಿನ್ ಸೆಪ್ಸಿಸ್‌ಗೆ ಔಷಧಿ ಅಲ್ಲ. ಔಷಧಿ ಎಂದರೆ ಸಮಯಕ್ಕೆ ಸರಿಯಾದ ಆಂಟಿಬಯಾಟಿಕ್, ಕೀವು ಕಟ್ಟಿದ್ದರೆ ತೆಗೆಯುವುದು, ಮೂತ್ರನಾಳ ಕಟ್ಟಿಕೊಂಡಿದ್ದರೆ ಬಿಡಿಸುವುದು, ಬಿಪಿ ಹಿಡಿದು ನಿಲ್ಲಿಸುವುದು. ಥಯಾಮಿನ್ ಇರುವುದು ಬೆರಿಬೆರಿಗೆ. ಆದರೆ ಅದರ ಪರೀಕ್ಷೆ ಎಲ್ಲ ಲ್ಯಾಬಿನಲ್ಲಿ ಆಗುವುದಿಲ್ಲ, ಆಗುವ ಕಡೆಯೂ ಉತ್ತರ ಬರಲು ದಿನಗಳು ಬೇಕು. ಅಷ್ಟರಲ್ಲಿ ರೋಗಿ ಕಾಯಲಾರ. ಕೊಟ್ಟರೆ ಅಪಾಯ ಬಹಳ ಅಪರೂಪ, ಬೆಲೆಯೂ ಕಮ್ಮಿ. ಅದಕ್ಕೇ ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ 2022ರ ಮಾರ್ಗಸೂಚಿಯಲ್ಲಿ ಐಸಿಯುಗೆ ಬಂದವರಿಗೆ ದಿನಕ್ಕೆ 100ರಿಂದ 300 ಮಿಲಿಗ್ರಾಂ ಥಯಾಮಿನ್ ಅನ್ನು ಮೂರು ನಾಲ್ಕು ದಿನವಾದರೂ ಹಿಂಜರಿಯದೆ ಕೊಡಿ ಎಂದಿದೆ. ಸೆಪ್ಸಿಸ್ ಬಗೆಗಿನ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಿಟಮಿನ್ ಸಿ ಡ್ರಿಪ್ ಬೇಡ ಎಂಬ ಕಡೆಗೇ ವಾಲಿದೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸಿಆರ್‌ಪಿ (ರಕ್ತದಲ್ಲಿ ಉರಿಯೂತ ತೋರಿಸುವ ಗುರುತು) ಏರಿರುವಾಗ ವಿಟಮಿನ್ ರಿಪೋರ್ಟ್ ನಂಬುವುದು ಕಷ್ಟ. ವಿಟಮಿನ್ ಎ, ಡಿ ಇವನ್ನೆಲ್ಲ ಹೊತ್ತು ತಿರುಗುವ ಪ್ರೋಟೀನುಗಳು ಸೋಂಕಿನಲ್ಲಿ ಇಳಿಯುತ್ತವೆ. ಡ್ರಿಪ್ ಹಾಕಿದ ಮೇಲೆ ರಕ್ತ ತೆಳುವೂ ಆಗಿರುತ್ತದೆ. ದೇಹದಲ್ಲಿ ಇದ್ದರೂ ರಕ್ತದಲ್ಲಿ ಕಮ್ಮಿ ಕಾಣುತ್ತದೆ. ಬಿ12 ಇದಕ್ಕೆ ಉಲ್ಟಾ: ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರಿ ಕಾಣಬಹುದು. ಹಾಗಾಗಿ ಇಲ್ಲಿ ಊಟದ ಕತೆಗೆ ರಿಪೋರ್ಟಿಗಿಂತ ಜಾಸ್ತಿ ಬೆಲೆ. ಆ ಕತೆ ಗೊತ್ತಿರುವುದು ಮನೆಯವರಿಗೆ ಮಾತ್ರ.

ತುಂಗೆಯ_ದಡ

ನಾನು ಮಕ್ಕಳ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಗಂಜಿ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ.

ಎರಡು ಮೂರು ತಿಂಗಳ ಕೂಸು ಬರುತ್ತದೆ. ಹಾಲು ಕುಡಿಯುತ್ತಿಲ್ಲ, ವಾಂತಿ, ಏದುಸಿರು, ಅತ್ತರೆ ದನಿ ಬಿದ್ದಿರುತ್ತದೆ, ಕೈಕಾಲು ತಣ್ಣಗೆ, ಲ್ಯಾಕ್ಟೇಟ್ ಜಾಸ್ತಿ. ಎಲ್ಲರ ತಲೆಗೆ ಮೊದಲು ಬರುವುದು ಸೆಪ್ಸಿಸ್. ಎಕೋ (ಹೃದಯದ ಸ್ಕ್ಯಾನ್) ಮಾಡಿದರೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ವಿಪರೀತ. ತಾಯಿಯನ್ನು ಕೇಳಿದರೆ ಬಾಣಂತಿ ಪಥ್ಯ: ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು. ಬೇಳೆ ವಾಯು, ಸೊಪ್ಪು ಶೀತ, ನೀರೂ ಅಳತೆಯಲ್ಲಿ. ತಾಯಿ ಹಾಲಿನಲ್ಲೇ ಥಯಾಮಿನ್ ಇಲ್ಲ. ಬೆಂಗಳೂರಿನ ಜಯದೇವ ಸಂಸ್ಥೆಯ ವೈದ್ಯರು ಇಂಥ ಎಳೆಯ ಮಕ್ಕಳ ಬಗ್ಗೆ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಥಯಾಮಿನ್ ಕೊಟ್ಟ ಮೇಲೆ ಒಂದೆರಡು ದಿನದಲ್ಲಿ ತಿರುಗಿಕೊಳ್ಳುವ ಮಕ್ಕಳನ್ನು ನೋಡಿದವರು ಇದನ್ನು ಮರೆಯುವುದಿಲ್ಲ.

ಬಾಣಂತಿಯರ ಮನೆಯವರು ಯಾರಾದರೂ ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಬೇಳೆ, ಕಾಳು, ಸೊಪ್ಪು, ಮುದ್ದೆ ಕೊಡಿ.

ಇನ್ನು ನಿಜವಾಗಿ ವಿಟಮಿನ್ ಜೀವ ಉಳಿಸುವ ಸೋಂಕು ಅಂದರೆ ದಡಾರ. ದಡಾರ ಬಂದ ಮಗುವಿಗೆ ಎರಡು ದಿನ ವಿಟಮಿನ್ ಎ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ವರ್ಷ ದಾಟಿದ ಮಗುವಿಗೆ ದಿನಕ್ಕೆ 2,00,000 ಯೂನಿಟ್. ಕಣ್ಣೂ ಉಳಿಯುತ್ತದೆ.

ಮಾತ್ರೆಪೆಟ್ಟಿಗೆ

ಕ್ಲಿನಿಕಲ್ ಫಾರ್ಮಸಿಸ್ಟ್ ನಾನು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಬಗ್ಗೆ ಯಾರೂ ಹೇಳಲಿಲ್ಲ, ಅದು ನಮ್ಮ ಐಸಿಯುಗಳಲ್ಲಿ ದಿನಾ ಎದುರಾಗುತ್ತದೆ. ರೋಗಿ ಸರಿಯಾಗಿ ತಿನ್ನುತ್ತಿಲ್ಲ, ಆಂಟಿಬಯಾಟಿಕ್‌ನಿಂದ ಕರುಳಿನ ಬ್ಯಾಕ್ಟೀರಿಯಾವೂ ಸತ್ತಿರುತ್ತವೆ. ಜೊತೆಗೆ ಸೆಫೊಪೆರಜೋನ್ ಎಂಬ ಆಂಟಿಬಯಾಟಿಕ್ ನಮ್ಮಲ್ಲಿ ತುಂಬಾ ಬಳಕೆಯಲ್ಲಿದೆ. ಅದರ ರಚನೆಯಲ್ಲೇ ವಿಟಮಿನ್ ಕೆ ಕೆಲಸ ತಡೆಯುವ ಒಂದು ತುಣುಕಿದೆ. ಒಂದು ವಾರ ದಾಟುವಾಗ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) ಮೆಲ್ಲಗೆ ಏರುತ್ತದೆ, ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲುವುದಿಲ್ಲ. ಸೆಪ್ಸಿಸ್ ಜಾಸ್ತಿಯಾಯಿತು, ಲಿವರ್ ಹೋಯಿತು ಎಂದು ಎಲ್ಲರೂ ಹೆದರುತ್ತಾರೆ. ಎಷ್ಟೋ ಸಲ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರೆ ಮರುದಿನ ಇಳಿದಿರುತ್ತದೆ. ಇಳಿಯದಿದ್ದರೆ ಆಗ ಲಿವರ್ ಕಡೆ ನೋಡಬೇಕು. ಹೃದಯದ ಕವಾಟಕ್ಕೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುವವರಿದ್ದರೆ ಮೊದಲೇ ಹೇಳಿ, ಅವರ ಲೆಕ್ಕ ಬೇರೆ.

ಹೇಮಾವತಿ_ತೀರ

ಡ್ಯೂಟಿ ಡಾಕ್ಟರ್ ಜೊತೆ ಮಾತಾಡಿದೆ. ಗಂಜಿ ವಿಷಯ ಕೇಳಿ ಅವರೇ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಥಯಾಮಿನ್ ಇವತ್ತೇ ಶುರು ಮಾಡುತ್ತೇವೆ ಎಂದರು. ಫಾಸ್ಫರಸ್, ಮೆಗ್ನೀಷಿಯಂಗೆ ರಕ್ತ ಕಳಿಸಿದ್ದಾರೆ. ಎಲ್ಲರಿಗೂ ಹೃದಯದಿಂದ ಧನ್ಯವಾದ.

ಕೊನೆಯದಾಗಿ ಒಂದು. ಮೊದಲಿಂದ ಹಳದಿ ಬಣ್ಣದ ಬಿ ಕಾಂಪ್ಲೆಕ್ಸ್ ಡ್ರಿಪ್‌ನಲ್ಲಿ ಹೋಗುತ್ತಿತ್ತು. ಅದರಲ್ಲೇ ಬಿ1 ಇರುತ್ತದಲ್ವಾ? ಮತ್ತೆ ಬೇರೆ ಯಾಕೆ?

ಮಾತ್ರೆಪೆಟ್ಟಿಗೆ

ಇರುತ್ತದೆ, ಆದರೆ ಎಷ್ಟಿದೆ ಎಂಬುದು ಒಂದೊಂದು ಕಂಪನಿಯದು ಒಂದೊಂದು ಥರ. ಆ ಹಳದಿ ಬಣ್ಣ ಬಿ2ದು, ಬಿ1ದಲ್ಲ. ಹಾಗಾಗಿ ಬಣ್ಣ ನೋಡಿ ಅಂದಾಜು ಮಾಡಬೇಡಿ. ಆಂಪೂಲಿನ ಲೇಬಲ್‌ನಲ್ಲಿ ಥಯಾಮಿನ್ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಬೆರಿಬೆರಿ ಅನುಮಾನ ಇದ್ದಾಗ ಕೊಡುವ ಡೋಸ್ ಬೇರೆ, ದಿನದ ಅಗತ್ಯಕ್ಕೆ ಕೊಡುವುದು ಬೇರೆ. ಖಾಲಿ ಆಂಪೂಲನ್ನು ಸಿಸ್ಟರ್ ಹತ್ತಿರ ಕೇಳಿ ಲೇಬಲ್ ಫೋಟೋ ಹಾಕಿ, ನೋಡಿ ಹೇಳುತ್ತೇನೆ.